ಕೆಂಪು ಗುರುತು ಹೇಳಿದ್ದ ನಾಲ್ಕು ಮಿಲಿಮೀಟರ್: ಗಂಗಾವತಿಯ ಒಂದು ಭತ್ತದ ಕ್ಲೀನರ್ ಪ್ರಕರಣ

ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ಹರಿದದ್ದು 2024ರ ಆಗಸ್ಟ್ 10ರ ರಾತ್ರಿ. ಎಡದಂಡೆ ಕಾಲುವೆ ನಂಬಿದ ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿ ಈ ಸಲ ಭತ್ತ ಕೈಗೆ ಬರುತ್ತದೋ ಇಲ್ಲವೋ ಎಂಬ ಅಳುಕು. ಅಕ್ಕಿ ಗಿರಣಿಯವರು ಹೊಸ ಯಂತ್ರದ ಮಾತನ್ನೇ ಎತ್ತಲಿಲ್ಲ. ಗೇಟು ಕೊಚ್ಚಿಹೋಗಿ ತೆರೆದ ಜಾಗಕ್ಕೆ ಸ್ಟಾಪ್‌ಲಾಗ್ (ನೀರು ತಡೆಯುವ ತಾತ್ಕಾಲಿಕ ಉಕ್ಕಿನ ಹಲಗೆ) ಇಳಿಸಿ, ಜಲಾಶಯಕ್ಕೆ ಮತ್ತೆ ನೀರು ಬಂದ ಮೇಲೆ ಅದುವರೆಗೆ ತಡೆಹಿಡಿದ ಆರ್ಡರ್‌ಗಳೆಲ್ಲ ಒಟ್ಟಿಗೆ ಬಂದವು. ಗಂಗಾವತಿಯ ಹೊರವಲಯದ ಒಂದು ಫ್ಯಾಬ್ರಿಕೇಶನ್ ವರ್ಕ್‌ಶಾಪಿಗೂ ಹಾಗೆಯೇ ಬಂದವು. ಹೆಸರು ಬೇಡ, ಭತ್ತದ ಕ್ಲೀನರ್, ಎಲಿವೇಟರ್, ಹಾಪರ್ ಕಟ್ಟಿಕೊಡುವ ಸಾಧಾರಣ ವರ್ಕ್‌ಶಾಪ್ ಅದು. ಆರು ಕ್ಲೀನರ್ ಬೇಕು, ಸುಗ್ಗಿಯ ಭತ್ತ ಗಿರಣಿ ಅಂಗಳಕ್ಕೆ ಬೀಳುವುದರೊಳಗೆ ಬೇಕು. ಮುಂದಿನ ಕತೆಯಲ್ಲಿ ಈ ಅವಸರಕ್ಕೂ ಪಾಲಿದೆ. ಹಾಗಂತ ಎಲ್ಲವನ್ನೂ ಅವಸರದ ತಲೆಗೆ ಕಟ್ಟಲು ಬರುವುದಿಲ್ಲ.

ಮೊದಲ ಕ್ಲೀನರನ್ನು ಜೋಡಿಸಿ ಖಾಲಿ ಓಡಿಸಿದಾಗ ಸಾಣಿಗೆ ಪೆಟ್ಟಿಗೆ ಪ್ರತಿ ಹೊಡೆತಕ್ಕೂ ‘ದಡ್’ ಎನ್ನುತ್ತಿತ್ತು. ಮೋಟರ್ ಎಳೆಯುವ ಕರೆಂಟು ಎಂದಿನದಕ್ಕಿಂತ ಹೆಚ್ಚಿತ್ತು. ಕೆಲವು ದಿನ ಓಡಿಸಿದ ಮೇಲೆ ಬಲಗಡೆಯ ಒಂದು ಹ್ಯಾಂಗರ್ ಪಟ್ಟಿಯಲ್ಲಿ, ಬೇರಿಂಗ್ ಮನೆಯ ವೆಲ್ಡ್ ಪಕ್ಕದಲ್ಲಿ, ಕೂದಲೆಳೆಯಂಥ ಬಿರುಕು ಕಾಣಿಸಿತು. ಮಾಲೀಕರು ನನ್ನನ್ನು ಕರೆಸಿದ್ದು ಆಗ.

“ಡ್ರಾಯಿಂಗ್ ಪ್ರಕಾರನ ಕಟ್ ಮಾಡೀವ್ರಿ ಸರ, ಡ್ರಾಯಿಂಗ್ ಪ್ರಕಾರನ ವೆಲ್ಡ್ ಮಾಡೀವಿ. ಜೋಡಸಾಕ ಹೋದ್ರ ಬಲಗಡೆದು ಕುಂದ್ರವಲ್ದು,” ಎಂದರು ಹಿರಿಯ ಫಿಟ್ಟರ್. ವರ್ಕ್‌ಶಾಪಿನಲ್ಲಿ ಎಲ್ಲರೂ ಅವರನ್ನು ಮಿಸ್ತ್ರಿ ಎನ್ನುತ್ತಾರೆ.

ಡ್ರಾಯಿಂಗ್ ಮಾಡಿದ ಹುಡುಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದವನು, ಯಂತ್ರದ ಮಾಡೆಲ್ ಕಟ್ಟುವ ಸಾಲಿಡ್‌ವರ್ಕ್ಸ್ ಎಂಬ ಸಾಫ್ಟ್‌ವೇರಿನಲ್ಲಿ ಕೈ ಚುರುಕು. ಅವನೂ ಪಕ್ಕದಲ್ಲೇ ನಿಂತಿದ್ದ. ಕಂಪ್ಯೂಟರಿನಲ್ಲಿ ಯಂತ್ರ ಪೂರ್ತಿ ಜೋಡಣೆಯಾಗಿತ್ತು, ತಪ್ಪು ತೋರಿಸುವ ಕೆಂಪು ಗುರುತು ಒಂದೂ ಇರಲಿಲ್ಲ.

ಯಂತ್ರ ಹೇಗಿದೆ

ಗದ್ದೆಯಿಂದ ಬಂದ ಭತ್ತದಲ್ಲಿ ಹುಲ್ಲು, ಮಣ್ಣುಹೆಂಟೆ, ಕಲ್ಲು, ದಾರದ ಚೂರು ಎಲ್ಲ ಇರುತ್ತವೆ. ಕ್ಲೀನರಿನಲ್ಲಿ ಎರಡು ಜಾಲಿ ಹೊತ್ತ ಸಾಣಿಗೆ ಪೆಟ್ಟಿಗೆ ಹಿಂದೆ ಮುಂದೆ ಆಡುತ್ತ ಅವನ್ನು ಬೇರ್ಪಡಿಸುತ್ತದೆ. ಪೆಟ್ಟಿಗೆ ಕೆಳಗಿನಿಂದ ಕೂತಿರುವುದಿಲ್ಲ. ಹೊರಗಿನ ಫ್ರೇಮಿನಿಂದ ನಾಲ್ಕು ಹ್ಯಾಂಗರ್ ಪಟ್ಟಿಗಳಲ್ಲಿ ತೂಗುತ್ತದೆ, ಎಡಕ್ಕೆ ಎರಡು, ಬಲಕ್ಕೆ ಎರಡು. ಹಿಂದುಗಡೆ ಎಕ್ಸೆಂಟ್ರಿಕ್ ಶಾಫ್ಟ್ (ಕೇಂದ್ರ ತಪ್ಪಿಸಿ ಕೂರಿಸಿದ ಗಾಲಿ ಹೊತ್ತ ದಂಡ), ಅದರಿಂದ ಪೆಟ್ಟಿಗೆಗೆ ಒಂದು ಕನೆಕ್ಟಿಂಗ್ ರಾಡ್. ಎಕ್ಸೆಂಟ್ರಿಕ್ ಕೇಂದ್ರದಿಂದ 12 ಮಿ.ಮೀ. ಸರಿದಿದೆ, ಹಾಗಾಗಿ ಪೆಟ್ಟಿಗೆ ಒಟ್ಟು 24 ಮಿ.ಮೀ. ಆಡುತ್ತದೆ. ಹ್ಯಾಂಗರಿನ ಮೇಲಿನ ರಂಧ್ರದಿಂದ ಕೆಳಗಿನ ರಂಧ್ರಕ್ಕೆ 400 ಮಿ.ಮೀ.

ಈ ವರ್ಕ್‌ಶಾಪಿನ ಹಳೆಯ ಕ್ಲೀನರುಗಳಲ್ಲಿ ಹ್ಯಾಂಗರ್ ಎಂದರೆ ಮರದ ಪಟ್ಟಿ. ಎರಡೂ ತುದಿಯನ್ನು ಬೋಲ್ಟ್ ಹಾಕಿ ಬಿಗಿದುಬಿಡುವುದು; ಪಟ್ಟಿಯೇ ಬಾಗಿ ಪೆಟ್ಟಿಗೆಯನ್ನು ಆಡಿಸುತ್ತಿತ್ತು. ಬೇರಿಂಗ್ ಇಲ್ಲ, ಗ್ರೀಸ್ ಇಲ್ಲ. ಮರ ಸೀಳಿದಾಗ ಬೇರೆ ಪಟ್ಟಿ. ಗಿರಣಿಯವರಿಗೆ ಅದು ಹಳೇ ಕಾಲದ ಯಂತ್ರದಂತೆ ಕಾಣುತ್ತಿತ್ತು, ಬೇರಿಂಗ್ ಇರುವುದೇ ಬೇಕು ಎಂದರು. ಈ ಬ್ಯಾಚಿನಿಂದ ಹ್ಯಾಂಗರುಗಳನ್ನು 10 ಮಿ.ಮೀ. ಕಬ್ಬಿಣದ ಪಟ್ಟಿಯಲ್ಲಿ ಮಾಡಿ, ಎರಡೂ ತುದಿಗೆ ಬೇರಿಂಗ್ ಮನೆ ವೆಲ್ಡ್ ಮಾಡಿ, ಒಳಗೆ 6204 ನಂಬರಿನ ಬೇರಿಂಗ್ ಕೂರಿಸಿದ್ದರು. ಎರಡನೇ ಬದಲಾವಣೆ ಸಣ್ಣದು: ಪೆಟ್ಟಿಗೆಯ ಪಕ್ಕದ ಹಾಳೆ 3 ಮಿ.ಮೀ. ಇದ್ದದ್ದು 5 ಮಿ.ಮೀ. ಆಯಿತು. ಹಿಂದಿನ ಯಂತ್ರಗಳಲ್ಲಿ ಅದು ಅಲ್ಲಲ್ಲಿ ಸೀಳಿತ್ತು ಎಂಬ ದೂರಿತ್ತು. ಜಾಲಿಗಳ ಅಳತೆ ಗೊತ್ತುಪಡಿಸಿದ್ದು, ಒಳ ಅಗಲ ಬದಲಾಗುವಂತಿಲ್ಲ. ಹಾಳೆ ದಪ್ಪವಾದದ್ದೆಲ್ಲ ಹೊರಕ್ಕೇ ಬೆಳೆಯಬೇಕು. ಒಂದೊಂದು ಬದಿಗೆ 2, ಒಟ್ಟು 4 ಮಿ.ಮೀ.

ಕೆಂಪು ಬಂದದ್ದು, ಹೋದದ್ದು

ಮಾಡೆಲ್ ಫೈಲಿನ ಹಳೆಯ ಪ್ರತಿಯನ್ನು ಹುಡುಗ ಅಳಿಸಿರಲಿಲ್ಲ. ಅದರಿಂದಲೇ ಇಡೀ ಸಂಗತಿ ಬಿಡಿಸಿಕೊಂಡಿತು.

ಅವನು ಜೋಡಿಸಿದ್ದ ಕ್ರಮ ಎಲ್ಲರೂ ಕಲಿಯುವ ಕ್ರಮವೇ. ಫ್ರೇಮ್ ಮೊದಲು, ಅದು ಫಿಕ್ಸ್. ಆಮೇಲೆ ಪೆಟ್ಟಿಗೆ. ಆಮೇಲೆ ಒಂದೊಂದು ಹ್ಯಾಂಗರಿಗೂ ಮೇಟ್‌ಗಳು, ಅಂದರೆ ಮಾಡೆಲಿನಲ್ಲಿ ಒಂದು ಭಾಗವನ್ನು ಇನ್ನೊಂದಕ್ಕೆ ಹಿಡಿದಿಡುವ ಕಟ್ಟುಗಳು. ಮೇಲೆ ಒಂದು ಕಾನ್ಸೆಂಟ್ರಿಕ್ ಮೇಟ್, ಅಂದರೆ ರಂಧ್ರದ ಅಕ್ಷ ಪಿನ್ನಿನ ಅಕ್ಷಕ್ಕೆ. ಒಂದು ಕೋಇನ್ಸಿಡೆಂಟ್ ಮೇಟ್, ಅಂದರೆ ಹ್ಯಾಂಗರಿನ ಮುಖ ಫ್ರೇಮಿನ ಸ್ಪೇಸರ್ (ನಡುವೆ ಅಂತರ ಕಾಯುವ ಬಳೆ) ಮುಖಕ್ಕೆ. ಕೆಳಗೂ ಅದೇ ಎರಡು, ಈ ಸಲ ಪೆಟ್ಟಿಗೆಯ ಪಿನ್ನಿಗೆ ಮತ್ತು ಅದರ ಮೇಲಿನ ಸ್ಪೇಸರಿಗೆ. ನಾಲ್ಕು ಹ್ಯಾಂಗರಿಗೂ ಹೀಗೇ. 3 ಮಿ.ಮೀ. ಹಾಳೆಯಿದ್ದಾಗ ಎಲ್ಲ ಕೂತಿತು. ಪೆಟ್ಟಿಗೆಯನ್ನು ಮೌಸಿನಿಂದ ಎಳೆದರೆ ಚೆನ್ನಾಗಿ ತೂಗಿತು.

ಹಾಳೆಯನ್ನು 5 ಮಾಡಿದ ಕೂಡಲೇ ಬಲಗಡೆಯ ಹ್ಯಾಂಗರುಗಳ ಹೆಸರಿನ ಮುಂದೆ ಕಂಸದೊಳಗೆ ಕೂಡುವ ಚಿಹ್ನೆ ಬಂತು. ಸಾಲಿಡ್‌ವರ್ಕ್ಸ್ ಭಾಷೆಯಲ್ಲಿ ಅದರರ್ಥ ಓವರ್ ಡಿಫೈನ್ಡ್, ಒಂದಕ್ಕೊಂದು ಒಪ್ಪದ ಕಟ್ಟುಗಳು ಬಿದ್ದಿವೆ ಎಂದು. ಎಡ ಹ್ಯಾಂಗರುಗಳು ಪೆಟ್ಟಿಗೆಯ ಎಡ ಮುಖವನ್ನು ಹಿಡಿದಿವೆ. ಪೆಟ್ಟಿಗೆ 4 ಮಿ.ಮೀ. ಅಗಲವಾಗಿದೆ. ಬಲ ಹ್ಯಾಂಗರಿನ ತಲೆ ಫ್ರೇಮಿಗೆ ತಾಗಿರಬೇಕು, ಪಾದ 4 ಮಿ.ಮೀ. ಹೊರಗೆ ಹೋಗಿರುವ ಪೆಟ್ಟಿಗೆಗೆ ತಾಗಿರಬೇಕು, ಆದರೂ ಅದರ ರಂಧ್ರಗಳು ಪಿನ್ನಿಗೆ ನೇರವಾಗಿರಬೇಕು. ಮೂರನ್ನೂ ಒಟ್ಟಿಗೆ ನಡೆಸಲಾಗದು.

“ಕೆಂಪು ಬಂತ್ರಿ ಸರ. ಯಾವ್ದು ತಗದ್ರ ಹೋಗತೈತಿ ಅಂತ ನೋಡಿ, ಅದನ್ನ ತಗದೆ,” ಎಂದ ಹುಡುಗ.

ಅವನು ತೆಗೆದದ್ದು ಬಲಗಡೆ ಕೆಳಗಿನ ಎರಡು ಕೋಇನ್ಸಿಡೆಂಟ್ ಮೇಟ್. ಕೆಂಪು ಹೋಯಿತು, ಪೆಟ್ಟಿಗೆ ಮತ್ತೆ ತೂಗಿತು, ಡ್ರಾಯಿಂಗ್ ಹಾಳೆಗಳು ಪ್ರಿಂಟ್ ಆದವು. ಮಾಡೆಲಿನಲ್ಲಿ ಬಲಗಡೆಯ ಸ್ಪೇಸರ್‌ಗಳು ಹ್ಯಾಂಗರಿನ ಕಬ್ಬಿಣದೊಳಕ್ಕೆ 4 ಮಿ.ಮೀ. ತೂರಿಕೊಂಡು ಕೂತಿದ್ದವು. ಕಂಪ್ಯೂಟರಿನ ಕಬ್ಬಿಣಕ್ಕೆ ನೋವಿಲ್ಲ. ಒಂದು ಭಾಗ ಇನ್ನೊಂದರೊಳಗೆ ನುಗ್ಗಿದೆಯೇ ಎಂದು ನೋಡುವ ಇಂಟರ್ಫಿಯರೆನ್ಸ್ ಡಿಟೆಕ್ಷನ್ ಎಂಬ ಬಟನ್ ಒತ್ತಿದ್ದರೆ ಅಲ್ಲೇ ಎರಡು ಕಡೆ ಹೊಳೆಯುತ್ತಿತ್ತು; ಯಾರೂ ಒತ್ತಿರಲಿಲ್ಲ.

ಇಲ್ಲಿ ಹುಡುಗನನ್ನು ಬೈಯುವುದು ಸುಲಭ, ಮಾಲೀಕರು ಬೈದೂ ಬೈದರು. ನನಗೆ ಅದು ಅಷ್ಟು ಸರಿ ಕಾಣಲಿಲ್ಲ. ಅವನು ಕಲಿತ ಕಡೆಯಲ್ಲಿ, ನಾನು ನೋಡಿದ ಬಹುತೇಕ ಕ್ಯಾಡ್ (ಕಂಪ್ಯೂಟರ್ ಡ್ರಾಯಿಂಗ್) ತರಗತಿಗಳಲ್ಲೂ, ಮೇಟ್ ಎಂದರೆ ಬಿಡಿಭಾಗವನ್ನು ಜಾಗಕ್ಕೆ ಕೂರಿಸುವ ಅಂಟು ಎಂದೇ ಕಲಿಸುತ್ತಾರೆ. ಅಂಟು ಹೆಚ್ಚಾದರೆ ಸ್ವಲ್ಪ ತೆಗೆ, ಕಡಿಮೆಯಾದರೆ ಇನ್ನಷ್ಟು ಹಚ್ಚು. ಕೆಂಪು ಗುರುತು ಅಳಿಸಬೇಕಾದ ಕಲೆಯಾಗುತ್ತದೆ. ಇಲ್ಲಿ ಅದು ವರ್ಕ್‌ಶಾಪಿನಲ್ಲಿ ಮಿಸ್ತ್ರಿಗೆ ಎದುರಾಗಲಿದ್ದ ತೊಡಕನ್ನು, ಎಷ್ಟು ಮಿಲಿಮೀಟರ್ ಎಂಬುದರ ಸಮೇತ, ಮೊದಲೇ ಹೇಳಿತ್ತು.

ಮಿಸ್ತ್ರಿ ಮಾಡಿದ್ದು

ಎಡ ಹ್ಯಾಂಗರುಗಳನ್ನು ಹಾಕಿದ ಮೇಲೆ ಬಲದವು ಪಾದದಲ್ಲಿ 4 ಮಿ.ಮೀ. ಹೊರಕ್ಕೆ ಚಾಚಿದ್ದು ಮಿಸ್ತ್ರಿಯ ಕಣ್ಣಿಗೆ ಬಿತ್ತು. ಅವರು ಎಡದ ನಟ್ಟುಗಳನ್ನು ಸಡಿಲಿಸಿ, ಪೆಟ್ಟಿಗೆಯನ್ನು ಸ್ವಲ್ಪ ಎಡಕ್ಕೆ ಸರಿಸಿ, ತಪ್ಪನ್ನು ಎರಡೂ ಕಡೆ ಹಂಚಿದರು. ಬದಿಗೆ 2 ಮಿ.ಮೀ. ಆಯಿತು. ಆಮೇಲೆ ನಟ್ಟು ಬಿಗಿದರು. ಪಟ್ಟಿ ಕೊಂಚ ವಾಲಿ ನಿಂತಿತು. ಯಾವ ಅನುಭವಿ ಫಿಟ್ಟರ್ ಆದರೂ ಮಾಡುವ ಕೆಲಸ ಇದು. ಮರದ ಪಟ್ಟಿಯ ಕಾಲದಲ್ಲಾಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು, ಮರ ಬಾಗಿ ಸುಮ್ಮನಾಗುತ್ತಿತ್ತು.

ಈಗ ಲೆಕ್ಕ ನೋಡಿ. 400 ಮಿ.ಮೀ. ಉದ್ದಕ್ಕೆ 4 ಮಿ.ಮೀ. ವಾಲಿದರೆ ಸುಮಾರು 34 ಕೋನ-ಮಿನಿಟು. ಹಂಚಿದ ಮೇಲೆ 17. ಒಂದು ಡಿಗ್ರಿಗೆ 60 ಮಿನಿಟಾದ್ದರಿಂದ ಇದು ಕಣ್ಣಿಗೆ ಏನೂ ಅಲ್ಲ. ಆದರೆ 6204ರಂಥ ಡೀಪ್ ಗ್ರೂವ್ ಬಾಲ್ ಬೇರಿಂಗ್ ಸಹಿಸುವ ವಾಲುವಿಕೆ ಸಾಮಾನ್ಯವಾಗಿ 2ರಿಂದ 10 ಮಿನಿಟಿನ ಒಳಗೆ. ಅದನ್ನು ಮೀರಿದರೆ ಚೆಂಡುಗಳು ಪಥದ ಅಂಚು ಏರುತ್ತವೆ, ಬೇರಿಂಗ್ ಪಟ್ಟಿಯನ್ನು ಬಗ್ಗಿಸಲು ನೋಡುತ್ತದೆ, ಪಟ್ಟಿ ಬೇರಿಂಗನ್ನು. ನಿಮಿಷಕ್ಕೆ 350 ಸಲ ಹೊಡೆಯುವ ಯಂತ್ರದಲ್ಲಿ ಈ ಜಗಳ ಕೊನೆಗೆ ವೆಲ್ಡ್ ಪಕ್ಕದ ಬಿರುಕಾಗಿ ತೀರ್ಮಾನವಾಗುತ್ತದೆ. ಕರೆಂಟು ಹೆಚ್ಚಿದ್ದಕ್ಕೂ ‘ದಡ್’ ಸದ್ದಿಗೂ ಬೇರೆ ಕಾರಣ ಹುಡುಕಬೇಕಾಗಿರಲಿಲ್ಲ.

“ಕಂಪ್ಯೂಟರಿನ್ಯಾಗ ನಟ್ ಬಿಗಿ ಮಾಡೋರು ಯಾರದಾರ್ರಿ?” ಎಂದರು ಮಿಸ್ತ್ರಿ. ಅವರು ಹೇಳಿದ್ದು ತಮಾಷೆಗೆ. ಸಮಸ್ಯೆಯನ್ನು ಅದಕ್ಕಿಂತ ಚಿಕ್ಕದಾಗಿ ಹೇಳಲು ನನ್ನಿಂದ ಆಗದು.

ಹನ್ನೊಂದು ಹೆಚ್ಚುವರಿ ಕಟ್ಟು

4 ಮಿ.ಮೀ. ಸರಿಮಾಡುವುದು ಕಷ್ಟವಲ್ಲ. ಪೆಟ್ಟಿಗೆಯ ಪಿನ್ನಿನ ಮೇಲಿದ್ದ 12 ಮಿ.ಮೀ. ಸ್ಪೇಸರ್ ಬಳೆಗಳನ್ನು ಲೇತ್‌ಗೆ ಹಾಕಿ 10ಕ್ಕೆ ಇಳಿಸಿದರೆ ಎರಡೂ ಬದಿ ಹೊಂದುತ್ತವೆ. ಅವತ್ತೇ ಅದನ್ನು ಮಾಡಿಸಿದರು. ಮಾಲೀಕರು ಇಷ್ಟಕ್ಕೇ ಮಾತು ಮುಗಿಯಿತು ಎಂದುಕೊಂಡಿದ್ದರು. ನಾನು ಒಪ್ಪಲಿಲ್ಲ, ಏಕೆಂದರೆ ಹಾಳೆ 3 ಮಿ.ಮೀ. ಇದ್ದಾಗಿನ ಮಾಡೆಲೂ ಸರಿಯಿರಲಿಲ್ಲ. ಅದು ಹಸಿರಾಗಿತ್ತು, ಅಷ್ಟೇ.

ಗಾಳಿಯಲ್ಲಿ ಬಿಟ್ಟ ಯಾವ ಗಟ್ಟಿ ವಸ್ತುವಿಗೂ ಆರು ಚಲನೆ: ಮೂರು ದಿಕ್ಕಿಗೆ ಸರಿಯುವುದು, ಮೂರು ಅಕ್ಷದ ಸುತ್ತ ತಿರುಗುವುದು. ಪ್ರತಿ ಮೇಟ್ ಇವುಗಳಲ್ಲಿ ಕೆಲವನ್ನು ಕಸಿದುಕೊಳ್ಳುತ್ತದೆ. ಎರಡು ಮುಖ ಕೂಡಿಸುವ ಕೋಇನ್ಸಿಡೆಂಟ್ ಮೂರನ್ನು ಕಸಿಯುತ್ತದೆ, ಒಂದು ಸರಿಯುವುದು ಮತ್ತು ಎರಡು ತಿರುಗುವುದು. ಕಾನ್ಸೆಂಟ್ರಿಕ್ ನಾಲ್ಕನ್ನು, ಎರಡು ಸರಿಯುವುದು ಮತ್ತು ಎರಡು ತಿರುಗುವುದು. ಇವೆರಡನ್ನೂ ಒಟ್ಟಿಗೆ ಹಾಕಿದರೆ ಏಳಾಗಬೇಕಿತ್ತು, ಆದರೆ ಕಬ್ಜಾದಂತೆ ಒಂದು ತಿರುಗು ಉಳಿಯುತ್ತದೆ, ಅಂದರೆ ಹೋದದ್ದು ಐದೇ. ಉಳಿದ ಎರಡನ್ನು ಎರಡೆರಡು ಸಲ ಕೇಳಿದ್ದೇವೆ: ಹ್ಯಾಂಗರ್ ವಾಲಬಾರದು ಎಂದು ರಂಧ್ರವೂ ಹೇಳುತ್ತದೆ, ಮುಖವೂ ಹೇಳುತ್ತದೆ. ಮುಖ ರಂಧ್ರಕ್ಕೆ ಕರಾರುವಾಕ್ಕಾಗಿ ಲಂಬವಾಗಿರುವ ತನಕ ಸಾಫ್ಟ್‌ವೇರ್ ಎರಡನ್ನೂ ಒಪ್ಪಿಕೊಂಡು ಸುಮ್ಮನಿರುತ್ತದೆ.

ಈಗ ಇಡೀ ಯಂತ್ರ. ಚಲಿಸುವ ಭಾಗಗಳು ಐದು: ಪೆಟ್ಟಿಗೆ ಮತ್ತು ನಾಲ್ಕು ಹ್ಯಾಂಗರ್. ಐದಾರಲೆ ಮೂವತ್ತು ಚಲನೆ. ಕಬ್ಜಾಗಳು ಎಂಟು, ಒಂದೊಂದು ಐದು ಕಸಿಯುತ್ತದೆ, ಎಂಟೈದಲೆ ನಲವತ್ತು. ಮೂವತ್ತರಲ್ಲಿ ನಲವತ್ತು ಕಳೆದರೆ ಮೈನಸ್ ಹತ್ತು. ಡಿಪ್ಲೊಮಾದಲ್ಲಿ ಓದುವ ಗ್ರೂಬ್ಲರ್ ಸೂತ್ರದ ಮೂರು ಆಯಾಮದ ರೂಪ ಇದು. ಅದರ ಪ್ರಕಾರ ಈ ಯಂತ್ರ ಅಲುಗಾಡಲೇಬಾರದು. ಆದರೆ ಒಂದು ಚಲನೆ ಇದೆ, ಪೆಟ್ಟಿಗೆ ತೂಗುತ್ತಿದೆ. ಮೈನಸ್ ಹತ್ತರಿಂದ ಒಂದಕ್ಕೆ ಬರಬೇಕಾದರೆ ಹನ್ನೊಂದು ಕಟ್ಟುಗಳು ಹೊಸತೇನನ್ನೂ ಹೇಳದೆ, ಬೇರೆಯವು ಹೇಳಿದ್ದನ್ನೇ ಮತ್ತೆ ಹೇಳುತ್ತಿರಬೇಕು.

ಪಾಠದ ಪುಸ್ತಕದಲ್ಲಿ ಇದು ಬೆಚ್ಚಿಬೀಳಿಸುವುದಿಲ್ಲ, ಏಕೆಂದರೆ ಅಲ್ಲಿ ನಾಲ್ಕು ಕೊಂಡಿಯ ಯಂತ್ರವನ್ನು ಕಾಗದದ ಮೇಲೆ, ಎರಡು ಆಯಾಮದಲ್ಲಿ ಲೆಕ್ಕ ಹಾಕುತ್ತಾರೆ. ಉತ್ತರ ಸರಿಯಾಗಿ ಒಂದು ಬರುತ್ತದೆ. ಕಾಗದದಲ್ಲಿ ಪಿನ್ನುಗಳು ಒಂದಕ್ಕೊಂದು ಸಮಾನಾಂತರವಾಗಿಯೇ ಇರುತ್ತವೆ, ಬೇರೆ ದಾರಿಯಿಲ್ಲ. ವೆಲ್ಡ್ ಆರುವಾಗ ಎಳೆದುಕೊಳ್ಳುವ ಕಬ್ಬಿಣಕ್ಕೆ ಆ ಶಿಸ್ತು ಇಲ್ಲ.

ಆ ಹನ್ನೊಂದೂ ವರ್ಕ್‌ಶಾಪಿಗೆ ಕೊಟ್ಟ ಹನ್ನೊಂದು ಆಜ್ಞೆಗಳು: ಈ ಎಂಟು ಪಿನ್ನುಗಳ ಅಕ್ಷ ಒಂದಕ್ಕೊಂದು ಸಮಾನಾಂತರವಿರಲಿ, ಎಡ ಬಲ ಹ್ಯಾಂಗರ್ ಉದ್ದ ಒಂದೇ ಇರಲಿ, ಫ್ರೇಮಿನ ಅಗಲ ಪೆಟ್ಟಿಗೆಯ ಅಗಲಕ್ಕೆ ಹೊಂದಲಿ. ಮಾಡೆಲಿನಲ್ಲಿ ಇವೆಲ್ಲ ದಶಾಂಶದ ಕೊನೆಯ ಸ್ಥಾನದವರೆಗೆ ಸಮ ಇರುವುದರಿಂದ ಹಸಿರು. ಸಾಲಿಡ್‌ವರ್ಕ್ಸ್ ತಾನೇ ತನ್ನ ಸೂಚನೆಗಳಲ್ಲಿ ಇದನ್ನು ಒಪ್ಪಿಕೊಂಡಿದೆ: ದೂರ ಮತ್ತು ಕೋನದ ಮೇಟ್ ಬಿಟ್ಟರೆ ಉಳಿದವುಗಳಲ್ಲಿ ಸ್ವಲ್ಪ ಪುನರುಕ್ತಿಯನ್ನು ಅದು ಸಹಿಸಿಕೊಳ್ಳುತ್ತದೆ, ಆದರೆ ಮುಂದೆ ತೊಡಕಾದಾಗ ಬಿಡಿಸುವುದು ಕಷ್ಟವಾಗುತ್ತದೆ. ಆ ಸಹನೆಯೇ ನಮ್ಮನ್ನು ಹಾಳುಮಾಡಿದ್ದು ಎಂದು ನನಗೆ ಅನಿಸುತ್ತದೆ. ಮೊದಲ ದಿನವೇ ಹನ್ನೊಂದು ಕೆಂಪು ತೋರಿಸಿದ್ದರೆ, ಬೇರಿಂಗ್ ಹಾಕುವ ನಿರ್ಧಾರವನ್ನೇ ಯಾರಾದರೂ ಇನ್ನೊಮ್ಮೆ ನೋಡುತ್ತಿದ್ದರು.

ಮಾಲೀಕರಿಗೆ ಈ ಲೆಕ್ಕ ಬೇಸರ ತಂದಿತು. ಅವರ ಮನೆಯ ಶಹಾಬಾದಿ ಕಲ್ಲಿನ ನೆಲದ ಮೇಲಿನ ಮಂಚದ ಮಾತು ತೆಗೆದ ಮೇಲೆ ಮುಖ ಅರಳಿತು: ಮೂರು ಕಾಲು ನೆಲ ಹಿಡಿದ ಮೇಲೆ ನಾಲ್ಕನೆಯದಕ್ಕೆ ನೆಲ ಸಿಕ್ಕರೆ ಅದೃಷ್ಟ, ಇಲ್ಲದಿದ್ದರೆ ಕೆಳಗೆ ಕಾಗದ ಮಡಚಿ ಇಡಬೇಕು. ಅಲ್ಲಿ ಹೆಚ್ಚುವರಿ ಕಟ್ಟು ಒಂದು, ಇಲ್ಲಿ ಹನ್ನೊಂದು. ಮರದ ಪಟ್ಟಿ ಬಾಗಿ ಬಾಗಿ ಆ ಹನ್ನೊಂದಕ್ಕೂ ಕಾಗದ ಮಡಚಿ ಇಡುತ್ತಿತ್ತು. ಅದನ್ನು ತೆಗೆದು ಬೇರಿಂಗ್ ಹಾಕಿದ್ದರಿಂದ ಯಂತ್ರ ನೋಡಲು ಹೊಸದಾಯಿತು, ಕ್ಷಮಿಸುವ ಗುಣ ಹೋಯಿತು.

ಮಾಡೆಲನ್ನು ಮತ್ತೆ ಕಟ್ಟಿದ್ದು

ಹುಡುಗನ ಜತೆ ಕೂತು ಎಲ್ಲ ಮೇಟ್‌ಗಳನ್ನು ಅಳಿಸಿದೆವು. ಹಾಕುವ ಪ್ರತಿ ಮೇಟ್‌ಗೂ ಎಷ್ಟು ಚಲನೆ ಹೋಯಿತು ಎಂದು ಕಾಗದದಲ್ಲಿ ಬರೆಯುತ್ತ ಹೋಗುವುದು, ಒಂದು ಉಳಿದಾಗ ನಿಲ್ಲಿಸುವುದು ಎಂದು ಮಾತಾಯಿತು.

ಪೆಟ್ಟಿಗೆಯ ಅಡ್ಡ ಜಾಗವನ್ನು ಹೇಳುವವರು ಯಾರು ಎಂಬುದು ಮೊದಲ ಪ್ರಶ್ನೆ. ಹಳೆಯ ಮಾಡೆಲಿನಲ್ಲಿ ನಾಲ್ಕೂ ಹ್ಯಾಂಗರುಗಳು ಹೇಳುತ್ತಿದ್ದವು, ಹಾಗಾಗಿಯೇ ಜಗಳ. ಈಗ ಆ ಅಧಿಕಾರವನ್ನು ಒಂದೇ ಕಡೆ ಕೊಟ್ಟೆವು: ಫ್ರೇಮಿನ ಮಧ್ಯದ ಪ್ಲೇನಿಗೆ (ಕಲ್ಪಿತ ಸಮತಲಕ್ಕೆ) ಪೆಟ್ಟಿಗೆಯ ಮಧ್ಯದ ಪ್ಲೇನ್ ಕೋಇನ್ಸಿಡೆಂಟ್. ಎರಡನ್ನೂ ಮಧ್ಯದಿಂದ ಎರಡೂ ಕಡೆಗೆ ಸಮವಾಗಿ ಬೆಳೆಯುವಂತೆ ಮಾಡೆಲ್ ಮಾಡಿದ್ದರೆ ಮಾತ್ರ ಇದು ನಡೆಯುತ್ತದೆ, ಅದಕ್ಕಾಗಿ ಪೆಟ್ಟಿಗೆಯ ಮೂಲ ಸ್ಕೆಚ್ ತಿದ್ದಬೇಕಾಯಿತು. ಮುಂದೆ ಹಾಳೆ 6 ಆದರೂ 8 ಆದರೂ ತಪ್ಪು ಎಡಬಲಕ್ಕೆ ತಾನೇ ಹಂಚಿಕೊಳ್ಳುತ್ತದೆ. ಮಿಸ್ತ್ರಿ ಸುತ್ತಿಗೆಯಿಂದ ಮಾಡಿದ್ದನ್ನು ಮಾಡೆಲ್ ಮೊದಲೇ ಮಾಡುತ್ತದೆ. ಮುಖಗಳ ಬದಲು ಪ್ಲೇನ್ ಮತ್ತು ಅಕ್ಷಗಳಿಗೆ ಮೇಟ್ ಹಾಕುವುದರಲ್ಲಿ ಇನ್ನೊಂದು ಲಾಭವೂ ಇದೆ: ನಾಳೆ ಆ ಮುಖಕ್ಕೆ ಚಾಂಫರ್ (ಓರೆಯಾಗಿ ಕತ್ತರಿಸಿದ ಅಂಚು) ಬಂದರೂ ಅಂಚು ದುಂಡಾದರೂ ಮೇಟ್ ಕಳಚಿಕೊಳ್ಳುವುದಿಲ್ಲ.

ಪೆಟ್ಟಿಗೆಯ ಆರರಲ್ಲಿ ಮೂರು ಹೋಯಿತು, ಮೂರು ಉಳಿಯಿತು. ಎಡ ಮುಂದಿನ ಹ್ಯಾಂಗರಿಗೆ ಮೇಲೆ ಪೂರ್ತಿ ಕಬ್ಜಾ, ಅಂದರೆ ಐದು. ಕೆಳಗೆ ಕಾನ್ಸೆಂಟ್ರಿಕ್ ಹಾಕದೆ, ಪೆಟ್ಟಿಗೆಯ ಪಿನ್ನಿನ ಮಧ್ಯದ ಒಂದು ಬಿಂದುವನ್ನು ಹ್ಯಾಂಗರಿನ ಕೆಳ ರಂಧ್ರದ ಅಕ್ಷದ ಮೇಲೆ ಕೂರಿಸಿದೆವು. ಗೆರೆಯ ಮೇಲೆ ಬಿಂದು ಎರಡನ್ನಷ್ಟೇ ಕಸಿಯುತ್ತದೆ. ಹ್ಯಾಂಗರ್ ತಂದದ್ದು ಆರು, ಕಳೆದದ್ದು ಏಳು. ಒಟ್ಟು ಲೆಕ್ಕ ಮೂರರಿಂದ ಎರಡಕ್ಕೆ ಇಳಿಯಿತು. ಎಡ ಹಿಂದಿನದಕ್ಕೂ ಹಾಗೇ, ಎರಡರಿಂದ ಒಂದಕ್ಕೆ. ಅಲ್ಲಿಗೆ ಪೆಟ್ಟಿಗೆಗೆ ತೂಗುವುದೊಂದೇ ಉಳಿಯಿತು, ಪುನರುಕ್ತಿ ಒಂದೂ ಇಲ್ಲದೆ.

ಬಲಗಡೆ ಎರಡು ಹ್ಯಾಂಗರ್ ಇನ್ನೂ ಬಾಕಿ. ಮಾಡೆಲಿಗೆ ಅವು ಬೇಡ, ಭಾರ ಹೊರಲು ಯಂತ್ರಕ್ಕೆ ಬೇಕು. ಇದೇ ನನಗೆ ಈ ಕೆಲಸದಲ್ಲಿ ಹೆಚ್ಚು ಹಿಡಿಸಿದ ಭಾಗ. ಅವುಗಳ ಮೇಲಿನ ತುದಿಗೆ ಕಬ್ಜಾ ಕೊಟ್ಟು, ಕೆಳ ರಂಧ್ರದ ಮಧ್ಯಬಿಂದುವನ್ನು ಪೆಟ್ಟಿಗೆಯ ಪಿನ್ ಅಕ್ಷದ ಮೂಲಕ ನಿಂತ ಪ್ಲೇನಿನ ಮೇಲೆ ಮಾತ್ರ ಇಟ್ಟೆವು. ಐದು ಮತ್ತು ಒಂದು, ಆರು, ಲೆಕ್ಕ ಅಲುಗಲಿಲ್ಲ. ಈಗ ಬಲ ಹ್ಯಾಂಗರುಗಳು ಪೆಟ್ಟಿಗೆಗೆ ಏನನ್ನೂ ಆಜ್ಞಾಪಿಸುವುದಿಲ್ಲ, ಬರೀ ಹಿಂಬಾಲಿಸುತ್ತವೆ. ರಂಧ್ರ ಮತ್ತು ಪಿನ್ ಎತ್ತರದಲ್ಲಿ ಎಷ್ಟು ತಪ್ಪಿವೆ, ಮುಖ ಮತ್ತು ಸ್ಪೇಸರ್ ನಡುವೆ ಎಷ್ಟು ಸಂದಿದೆ ಎಂದು ಅಳೆಯಲು ಅಲ್ಲಿ ಜಾಗ ಸಿಕ್ಕಿತು. ಮೊದಲಿನ ಮಾಡೆಲಿನಲ್ಲಿ ಮೇಟ್ ಆಗಿ ಕೂತದ್ದು ಈಗ ಅಳತೆಯಾಗಿ ನಿಂತಿತು. ಆ ಅಳತೆಗಳಿಗೆ ಸಾಲಿಡ್‌ವರ್ಕ್ಸ್‌ನ ಸೆನ್ಸರ್ ಇಟ್ಟರೆ, ಮಿತಿ ಮೀರಿದಾಗ ಅದೇ ಎಚ್ಚರಿಸುತ್ತದೆ. ಹಳೆಯ 12 ಮಿ.ಮೀ. ಸ್ಪೇಸರ್ ಹಾಕಿ ನೋಡಿದೆವು: ಒಂದೊಂದು ಬದಿಯಲ್ಲೂ 2 ಮಿ.ಮೀ. ಒಳನುಗ್ಗಿದ್ದು ಸ್ಪಷ್ಟವಾಗಿ ಬಂತು.

ಎಕ್ಸೆಂಟ್ರಿಕ್ ಮತ್ತು ರಾಡಿನ ವಿಷಯ ಬೇಗ ಮುಗಿಯಿತು. ಶಾಫ್ಟ್‌ಗೆ ಫ್ರೇಮಿನಲ್ಲಿ ಕಬ್ಜಾ, ರಾಡಿಗೆ ಎಕ್ಸೆಂಟ್ರಿಕ್ ಮೇಲೆ ಕಬ್ಜಾ, ಪೆಟ್ಟಿಗೆಯ ಕಡೆ ಮತ್ತೆ ಅಕ್ಷದ ಮೇಲೆ ಬಿಂದು. ಶಾಫ್ಟ್ ತಿರುಗಿಸಿದರೆ ಪೆಟ್ಟಿಗೆ ಆಡಿತು.

ಲೈಸೆನ್ಸ್ ಖರ್ಚು ಭಾರವಾಗುವ ಸಣ್ಣ ವರ್ಕ್‌ಶಾಪಿನವರಿಗೆ ಒಂದು ಮಾತು. 2024ರ ನವೆಂಬರಿನಲ್ಲಿ ಬಂದ ಉಚಿತ ಫ್ರೀಕ್ಯಾಡ್ 1.0ರಲ್ಲಿ ಅಸೆಂಬ್ಲಿ ವಿಭಾಗ ಒಳಗೇ ಸೇರಿದೆ. ಅಲ್ಲಿ ಮುಖಕ್ಕೆ ಮುಖ, ಅಕ್ಷಕ್ಕೆ ಅಕ್ಷ ಎಂದು ಬಿಡಿಯಾಗಿ ಕಟ್ಟುವ ಬದಲು ನೇರವಾಗಿ ಜಾಯಿಂಟ್ ಆರಿಸುವುದು: ತಿರುಗುವ ಕಬ್ಜಾ ಬೇಕೋ, ಜಾರುವುದು ಬೇಕೋ, ಬಾಲ್ ಬೇಕೋ. ಯಂತ್ರ ಹೇಗೆ ಆಡಬೇಕು ಎಂಬ ಪ್ರಶ್ನೆ ಮೊದಲು ಬರುವುದರಿಂದ ಹೊಸಬರಿಗೆ ಅದೇ ಒಳ್ಳೆಯ ಗುರು ಎಂದು ನನ್ನ ಅಭಿಪ್ರಾಯ. ಸಾಲಿಡ್‌ವರ್ಕ್ಸ್‌ನಲ್ಲೂ ಹಿಂಜ್ ಮೇಟ್ ಇದೆ, ಬಳಸುವವರು ಕಡಿಮೆ.

ಮಾಡೆಲಿನಿಂದ ಕಬ್ಬಿಣಕ್ಕೆ

ಮಾಡೆಲಿನಲ್ಲಿ ಕಾನ್ಸೆಂಟ್ರಿಕ್ ತೆಗೆದು ಬಿಂದು ಇಟ್ಟದ್ದಕ್ಕೆ ವರ್ಕ್‌ಶಾಪಿನಲ್ಲೂ ಅರ್ಥ ಇರಬೇಕು. ಅಕ್ಷದ ಮೇಲೆ ಬಿಂದು ಎಂದರೆ ಆ ತುದಿ ಯಾವ ಕಡೆಗಾದರೂ ವಾಲಬಹುದು, ಪಿನ್ನಿನ ಮೇಲೆ ಸ್ವಲ್ಪ ಜಾರಬಹುದು. ನಟ್ಟು ಬಿಗಿದ 6204 ಎರಡನ್ನೂ ಬಿಡುವುದಿಲ್ಲ. ಅದೃಷ್ಟಕ್ಕೆ 1204 ಎಂಬ ಸೆಲ್ಫ್ ಅಲೈನಿಂಗ್ ಬೇರಿಂಗಿನ ಅಳತೆಯೂ 6204ರದ್ದೇ: ಒಳಗೆ 20, ಹೊರಗೆ 47, ದಪ್ಪ 14 ಮಿ.ಮೀ. ಹೊರ ಉಂಗುರದ ಪಥ ಗೋಳಾಕಾರ ಇರುವುದರಿಂದ ಅದು ಸುಮಾರು ಎರಡೂವರೆ ಡಿಗ್ರಿವರೆಗೆ ವಾಲಿದರೂ ಬೇಸರಿಸುವುದಿಲ್ಲ. 17 ಮಿನಿಟು ಅದಕ್ಕೆ ಲೆಕ್ಕವೇ ಅಲ್ಲ. ಮನೆ ಬದಲಿಸದೆ, ಹೊಸ ವೆಲ್ಡ್ ಇಲ್ಲದೆ, ಕೆಳಗಿನ ನಾಲ್ಕೂ ಕಡೆ 1204 ಹಾಕಿಸಿದೆವು. ಎಡಗಡೆ ನಟ್ಟು ಬಿಗಿ. ಬಲಗಡೆ ಬೇರಿಂಗ್ ಪಿನ್ನಿನ ಮೇಲೆ ಜಾರುವಂತೆ ಸಂದಿ. ಕೆಳ ತುದಿಗಳು ಬಾಲ್ ಜಾಯಿಂಟಿನಂತಾದ ಮೇಲೆ ಲೆಕ್ಕದಲ್ಲಿ ಹೆಚ್ಚುವರಿ ಕಟ್ಟು ಹನ್ನೊಂದರಿಂದ ಮೂರಕ್ಕೆ ಇಳಿಯುತ್ತದೆ, ಬಲಗಡೆಯ ಜಾರುವಿಕೆಯನ್ನೂ ಸೇರಿಸಿದರೆ ಒಂದಕ್ಕೆ.

ಉಳಿದದ್ದು ಕೇಳುವುದು ಎಡಬಲದ ಸಮತೆಯನ್ನು, ಹ್ಯಾಂಗರುಗಳ ಉದ್ದ ಮತ್ತು ಪಿನ್ನುಗಳ ನಡುವಿನ ಅಂತರ ಎರಡೂ ಬದಿ ಒಂದೇ ಇರಲಿ ಎಂದು. ಅದಕ್ಕೆ ಮಿಸ್ತ್ರಿಯ ಬಳಿ ಉತ್ತರ ಇತ್ತು: ನಾಲ್ಕು ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು, ಟ್ಯಾಕ್ ಹೊಡೆದು, ಒಂದೇ ಸಲ ಡ್ರಿಲ್ ಮಾಡುವುದು. ಉದ್ದ 400 ಆಗದೆ 400.6 ಆದರೂ ಪರವಾಗಿಲ್ಲ, ನಾಲ್ಕಕ್ಕೂ ಅದೇ 400.6. ಡ್ರಾಯಿಂಗಿನಲ್ಲಿ ಬಿಗಿ ಟಾಲರೆನ್ಸ್ (ಅಳತೆ ತಪ್ಪಬಹುದಾದ ಮಿತಿ) ಬರೆಯುವುದಕ್ಕಿಂತ ‘ನಾಲ್ಕನ್ನೂ ಜೋಡಿಸಿ ಒಟ್ಟಿಗೆ ಡ್ರಿಲ್ ಮಾಡಿ’ ಎಂಬ ಸಾಲು ಅಗ್ಗ ಮತ್ತು ಖಚಿತ. ಹುಡುಗ ಅದನ್ನು ಕನ್ನಡದಲ್ಲೇ ಹಾಳೆಯ ಮೇಲೆ ಬರೆದ.

ಆರೂ ಯಂತ್ರಗಳು ಹೋದವು. ಸುಗ್ಗಿ ನಡುವೆ ಒಂದು ಗಿರಣಿಯಿಂದ ಮತ್ತೆ ಅದೇ ‘ದಡ್’ ದೂರು. ಬಿಚ್ಚಿ ನೋಡಿದರೆ ಕೆಳಗಿನ ಬೇರಿಂಗ್ ಕೆಟ್ಟಾಗ ಗಿರಣಿಯ ಫಿಟ್ಟರ್ ಪೇಟೆಗೆ ಹೋಗಿ 6204 ತಂದು ಹಾಕಿದ್ದ. ಅಳತೆ ಒಂದೇ, ಬೆಲೆ ಕಡಿಮೆ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಅವನದೇನು ತಪ್ಪು? ಮನೆ ಬದಲಿಸದೆ ಕೂರುತ್ತದೆ ಎಂದು ನಾವು ಖುಷಿಪಟ್ಟ ಗುಣವೇ ತಿರುಗಿ ಹೊಡೆದಿತ್ತು.

ಆ ಕೆಟ್ಟ 1204ನ್ನು ಬಿಚ್ಚಿದಾಗ ಇನ್ನೊಂದು ಸಂಗತಿ ಕಂಡಿತು. ಪಥದ ಮೇಲೆ ಚೆಂಡು ಕೂತ ಜಾಗದಲ್ಲೆಲ್ಲ ಸಣ್ಣ ಗುಳಿ. 400ಕ್ಕೆ 12 ಎಂದರೆ ಹ್ಯಾಂಗರ್ ಆ ಕಡೆ ಈ ಕಡೆ ತೂಗುವುದು ಎರಡು ಡಿಗ್ರಿಗೂ ಕಡಿಮೆ. ಚೆಂಡು ಒಂದು ಸುತ್ತೂ ಉರುಳದೆ, ಇದ್ದಲ್ಲೇ ತಿಕ್ಕುತ್ತದೆ. ಗ್ರೀಸ್ ಪಕ್ಕಕ್ಕೆ ಸರಿದುಹೋಗುತ್ತದೆ. ಹೀಗೆ ತೂಗುವ ಜಾಗಕ್ಕೆ ಉರುಳುವ ಬೇರಿಂಗೇ ಸರಿಯಾದ ಜೋಡಿಯಲ್ಲ. ಬೇಕಿರುವುದು ರಬ್ಬರ್ ಬುಷ್, ಜೀಪು ಕಾರುಗಳ ಸಸ್ಪೆನ್ಶನ್‌ನಲ್ಲಿ ಇರುವಂಥ ಸೈಲೆಂಟ್ ಬ್ಲಾಕ್. ಎರಡು ಡಿಗ್ರಿ ತಿರುಚುವುದು ಅದಕ್ಕೆ ಸಲೀಸು, ವಾಲುವುದೂ ಸಲೀಸು, ಗ್ರೀಸ್ ಬೇಡ, ಗಂಗಾವತಿಯ ಆಟೊಮೊಬೈಲ್ ಅಂಗಡಿಯಲ್ಲೇ ಸಿಗುತ್ತದೆ. ಮುಂದಿನ ಬ್ಯಾಚಿಗೆ ಹ್ಯಾಂಗರಿನ ಎರಡೂ ತುದಿಗೆ ಅದೇ ಎಂದಾಯಿತು. ಬೇರಿಂಗ್ ಇಲ್ಲದಿದ್ದರೆ ಗಿರಣಿಯವರು ಒಪ್ಪುವರೋ ಎಂಬ ಚಿಂತೆ ಮಾಲೀಕರಿಗೆ. ಮಿಸ್ತ್ರಿಗೆ ಮಾತ್ರ ಇದು ಮರದ ಪಟ್ಟಿಯೇ ಬೇರೆ ವೇಷದಲ್ಲಿ ಬಂದಂತೆ ಕಂಡಿತು, ಅವರು ಹೇಳಿದ್ದು ಸುಳ್ಳೂ ಅಲ್ಲ.

ಈಗ ದೊಡ್ಡ ಅಗಲದ ಕ್ಲೀನರ್ ಒಂದಕ್ಕೆ ಆರ್ಡರ್ ಬಂದಿದೆ, ಅದಕ್ಕೆ ಎಡಕ್ಕೊಂದು ಬಲಕ್ಕೊಂದು ಎರಡು ಕನೆಕ್ಟಿಂಗ್ ರಾಡ್. ಎರಡು ಎಕ್ಸೆಂಟ್ರಿಕ್‌ಗಳು ಶಾಫ್ಟ್ ಮೇಲೆ ಒಂದೇ ಕೋನದಲ್ಲಿ ಕೂರದಿದ್ದರೆ ಪೆಟ್ಟಿಗೆ ತಿರುಚಿಕೊಳ್ಳುತ್ತದೆ. ಹುಡುಗ ಮಾಡೆಲ್ ಕಳಿಸಿದ್ದ. ಎಡ ರಾಡ್ ಪೆಟ್ಟಿಗೆಗೆ ಕಟ್ಟಿದೆ. ಬಲ ರಾಡಿನ ತುದಿಯನ್ನು ಕಟ್ಟದೆ ಬಿಟ್ಟು, ಪಿನ್ನಿಗೂ ಅದಕ್ಕೂ ಇರುವ ಅಂತರಕ್ಕೆ ಸೆನ್ಸರ್ ಇಟ್ಟು, ಎಕ್ಸೆಂಟ್ರಿಕ್ ಕೋನವನ್ನು ಅರ್ಧರ್ಧ ಡಿಗ್ರಿ ತಪ್ಪಿಸಿ ಅಂತರ ಎಷ್ಟು ಬೆಳೆಯುತ್ತದೆ ಎಂದು ಪಟ್ಟಿ ಮಾಡಿದ್ದಾನೆ. ಎರಡು ಎಕ್ಸೆಂಟ್ರಿಕ್‌ಗಳ ಚಾವಿಗಾಡಿಯನ್ನು (ಅವು ತಿರುಗದಂತೆ ಹಿಡಿಯುವ ಚಾವಿ ಕೂರುವ ತೋಡನ್ನು) ಶಾಫ್ಟ್ ಮೇಲೆ ಒಂದೇ ಸೆಟಪ್ಪಿನಲ್ಲಿ ಕೊರೆಯಲು ಬರುತ್ತದೆಯೇ ಎಂದು ಲೇತ್‌ನವರನ್ನು ಕೇಳಬೇಕು, ಮಿಸ್ತ್ರಿ ಕಾಕಾ ಜತೆ ಹೋಗಿ ಬರುತ್ತೇನೆ ಎಂದು ಕೆಳಗೆ ಬರೆದಿದ್ದ.